‘ಕ್ರಿಟಿಕಲಿ ಎಕ್ಸಾಮಿನ್’ ಅಂದರೆ ಎಂತ ಬರೆಯುವುದು?

ನಿಮ್ಮ ಪ್ರಶ್ನೆ ಓದಿ ನಗು ಬಂತು. ನಿಮ್ಮ ಮೇಲಲ್ಲ, ನನ್ನ ಹಳೆಯ ಅವಸ್ಥೆ ನೆನಪಾಗಿ.

ನೀವು ಪ್ಲಸ್ ಟುವರೆಗೆ ಕನ್ನಡ ಮಾಧ್ಯಮ, ಈಗ ಕಾಸರಗೋಡಿನಲ್ಲಿ ಡಿಗ್ರಿ ಮೊದಲ ವರ್ಷ. ‘ಸುರಂಗವನ್ನು ಇಲ್ಲಿನ ಭೂಲಕ್ಷಣಕ್ಕೆ ಜನ ಕಂಡುಕೊಂಡ ಉತ್ತರವಾಗಿ ಕ್ರಿಟಿಕಲಿ ಎಕ್ಸಾಮಿನ್ ಮಾಡಿ, 1500 ಪದ’ ಎಂದು ಇಂಗ್ಲಿಷಿನಲ್ಲಿ ಅಸೈನ್‌ಮೆಂಟ್. ನೀವು ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆಯುವ ಬಿಲದ) ಬಗ್ಗೆ ಗೊತ್ತಿದ್ದದ್ದನ್ನೆಲ್ಲ ಎಂಟು ಪುಟ ಬರೆದಿರಿ, ಟೀಚರ್ ‘ಉತ್ತರ ಎಲ್ಲಿ?’ ಎಂದು ಗೀಚಿ ವಾಪಸ್ ಕೊಟ್ಟರು. ಇಷ್ಟೇ ಅಲ್ಲವೇ?

ನಾನು ಪೆರ್ಲದ ಕಡೆಯವಳು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಮಲಯಾಳ ಬಸ್ಸಿನ ಬೋರ್ಡು ಓದುವಷ್ಟು. ಕಾಲೇಜಿಗೆ ಸೇರಿದ ತಿಂಗಳೊಳಗೆ ಸಾರ್ ಮಲಯಾಳದಲ್ಲಿ ಒಂದು ‘ಉಪನ್ಯಾಸ’ ಬರೆದು ತನ್ನಿ ಅಂದರು. ನಾನು ‘ಸಭೆಗೆ ನಮಸ್ಕಾರ’ ಎಂದು ಶುರುಮಾಡಿ ಚಂದದ ಭಾಷಣ ಬರೆದುಕೊಂಡು ಹೋದೆ. ಮಲಯಾಳದಲ್ಲಿ ಉಪನ್ಯಾಸ ಅಂದರೆ ಪ್ರಬಂಧ ಎಂದು ಗೊತ್ತಾದದ್ದು ಇಡೀ ಕ್ಲಾಸು ನಕ್ಕ ಮೇಲೆ. ‘ನಿರೂಪಣ’ವೂ ಹಾಗೆಯೇ. ನಮಗೆ ನಿರೂಪಣೆ ಅಂದರೆ ಕತೆಯ ಹಾಗೆ ಹೇಳುತ್ತಾ ಹೋಗುವುದು, ಅವರಿಗೆ ಅದು ಸಾಹಿತ್ಯ ವಿಮರ್ಶೆ. ಇನ್ನು ಅವರ ‘ವಿಮರ್ಶನ’ದಲ್ಲಿ ಟೀಕೆಯ ಖಾರ ಸ್ವಲ್ಪ ಜಾಸ್ತಿ. ಪಕ್ಕದ ಬೆಂಚಿನವರು ಕ್ರಿಟಿಕಲಿ ಅಂದರೆ ವಿಮರ್ಶನ ಎಂದು ಹೇಳಿಕೊಟ್ಟರೆ ನಾವು ಬಯ್ಯಲು ಕೂತುಬಿಡುತ್ತೇವೆ. ಸುರಂಗವನ್ನು ಬಯ್ಯುವುದು ಹೇಗೆ ಮಾರಾಯ್ರೆ, ಅದು ಎಂತ ತಪ್ಪು ಮಾಡಿದೆ?

ಕ್ರಿಟಿಕಲಿ ಎಕ್ಸಾಮಿನ್ ಅಂದರೆ ಒಂದು ಮಾತನ್ನು ತಕ್ಕಡಿಗೆ ಹಾಕುವುದು. ಹಾಗಾದರೆ ಯಾವ ಮಾತು? ನೀವು ಜಾರಿದ್ದು ಇಲ್ಲಿಯೇ. ನಿಮ್ಮ ಕಣ್ಣು ‘ಸುರಂಗ’ ಎಂಬ ದೊಡ್ಡ ಪದದ ಮೇಲೆ ನಿಂತಿತು. ಪ್ರಶ್ನೆ ಇರುವುದು ‘ಉತ್ತರವಾಗಿ’ ಎಂಬ ಸಣ್ಣ ಪದದಲ್ಲಿ. ಭೂಲಕ್ಷಣ ಹೀಗಿದ್ದದ್ದರಿಂದಲೇ ಜನ ಸುರಂಗ ಕೊರೆದರು ಎಂದು ಯಾರೋ ಹೇಳುತ್ತಿದ್ದಾರೆ, ಅದು ಎಷ್ಟು ನಿಜ ನೋಡು ಎನ್ನುತ್ತದೆ ಪ್ರಶ್ನೆ.

ಕ್ರಿಯಾಪದ ಬದಲಾದರೆ ಕೆಲಸವೇ ಬದಲಾಗುತ್ತದೆ. ಡಿಸ್‌ಕ್ರೈಬ್ ಎಂದಿದ್ದರೆ ನಿಮ್ಮ ಎಂಟು ಪುಟಕ್ಕೆ ಒಳ್ಳೆಯ ಮಾರ್ಕು ಸಿಗುತ್ತಿತ್ತು: ಗುಡ್ಡದ ಬದಿಗೆ ಅಡ್ಡಲಾಗಿ, ಒಬ್ಬ ಮನುಷ್ಯ ನುಗ್ಗುವಷ್ಟು ಅಗಲಕ್ಕೆ ಕೊರೆದ ದಾರಿ, ನೀರು ಪಂಪಿಲ್ಲದೆ ತಾನಾಗಿ ಹೊರಗೆ ಹರಿಯುವ ಇಳಿಜಾರು, ಹೊರಗೊಂದು ಕೆರೆ. ಎಕ್ಸ್‌ಪ್ಲೇನ್ ಅಂದರೆ ಕಾರಣ ಬೇಕು: ನಮ್ಮ ಗುಡ್ಡಗಳ ಕೆಂಪು ಮುರಕಲ್ಲು ಮಳೆನೀರನ್ನು ಹೇಗೆ ಒಳಕ್ಕೆ ಬಿಟ್ಟುಕೊಳ್ಳುತ್ತದೆ, ಆ ನೀರು ಎಲ್ಲಿ ತಡೆದು ನಿಲ್ಲುತ್ತದೆ. ಕಂಪೇರ್ ಅಂದರೆ ಬಾವಿಯ ಜೊತೆಗೋ ನೆಲದಡಿಯಲ್ಲೇ ನೀರು ತರುವ ಇರಾನಿನ ಕನಾತ್‌ಗಳ ಜೊತೆಗೋ ಇಟ್ಟು ನೋಡುವುದು. ಡಿಸ್ಕಸ್ ಮಾತ್ರ ಹಾಳು ಪದ, ಒಬ್ಬೊಬ್ಬ ಟೀಚರಿಗೆ ಒಂದೊಂದು ಅರ್ಥ.

ಈಗ ನಿಮ್ಮದನ್ನು ತೂಗೋಣ. ಒಂದು ಕಡೆ ಭೂಲಕ್ಷಣ: ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಇಳಿಜಾರಿನಲ್ಲಿ ಬಿದ್ದದ್ದು ಸಮುದ್ರಕ್ಕೆ ಓಡುತ್ತದೆ, ಏಪ್ರಿಲಿನಲ್ಲಿ ಕೊಡ ಹಿಡಿದು ನಿಲ್ಲುವ ಪರಿಸ್ಥಿತಿ. ಇದು ನಿಜ. ಆದರೆ ಮುರಕಲ್ಲು ನಮ್ಮಲ್ಲಿ ಮಾತ್ರ ಇದೆಯೇ? ಬ್ರಿಟಿಷ್ ಸರ್ವೇಕ್ಷಕ ಬುಕಾನನ್ 1807ರಲ್ಲಿ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟದ್ದು ಮಲಪ್ಪುರದ ಅಂಗಾಡಿಪುರದ ಕಲ್ಲು ನೋಡಿ. ಕಲ್ಲೊಂದೇ ಕಾರಣವಾದರೆ ನಮ್ಮ ಕಡೆಯ ಎಣ್ಮಕಜೆ, ಬಾಯಾರಿನಲ್ಲಿರುವಷ್ಟು ಸುರಂಗ ಅಲ್ಲಿಯೂ ಇರಬೇಕಿತ್ತಲ್ಲ? ತಕ್ಕಡಿಯ ಇನ್ನೊಂದು ತಟ್ಟೆಗೆ ಅಡಿಕೆ ತೋಟ ಬರುತ್ತದೆ, ಬೇಸಿಗೆಯಲ್ಲಿ ನೀರಿಲ್ಲದಿದ್ದರೆ ಅಡಿಕೆ ಉಳಿಯುವುದಿಲ್ಲ. ದುಡ್ಡಿನ ಪ್ರಶ್ನೆಯೂ ಅದೇ ತಟ್ಟೆಗೆ ಬರುತ್ತದೆ. ಪೆರ್ಲ ದಾಟಿದರೆ ಸಿಗುವ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕೂಲಿ ಕೆಲಸದವರು, ಕೈಗೆ ಸಿಕ್ಕಿದ್ದು ಬೋಳುಗುಡ್ಡ. ನೀರು ಸಿಗದ ಸುರಂಗಗಳನ್ನು ಬಿಟ್ಟು ಮತ್ತೆ ಮತ್ತೆ ಹೊಸದು ಕೊರೆದರು, ಒಬ್ಬರೇ. ಅವರ ಕತೆಯಲ್ಲಿ ಗುಡ್ಡ ಎಷ್ಟಿದೆ, ಬಡತನ ಎಷ್ಟಿದೆ? ನನ್ನನ್ನು ಕೇಳಿದರೆ, ಗುಡ್ಡ ಸುರಂಗವನ್ನು ಸಾಧ್ಯ ಮಾಡಿತು, ಬೇಕು ಅನ್ನಿಸಿದ್ದು ಅಡಿಕೆ. ನೀವು ಒಪ್ಪಬೇಕಾಗಿಲ್ಲ. ಆದರೆ ಇಂಥದ್ದೊಂದು ವಾಕ್ಯ ನಿಮ್ಮ ಮೊದಲ ಪುಟದಲ್ಲಿ ಇರಬೇಕು, ಉಳಿದ ಪುಟಗಳು ಅದಕ್ಕೆ ಸಾಕ್ಷಿ ಹೇಳಬೇಕು. ಸುರಂಗದ ವರ್ಣನೆಗೆ ಇನ್ನೂರು ಪದ ಧಾರಾಳ ಸಾಕು.

ಪ್ರಶ್ನೆ ಕೈಗೆ ಬಂದ ದಿನ ಅದನ್ನು ಮನೆಮಾತಿನಲ್ಲಿ ಅಮ್ಮನಿಗೆ ಹೇಳಿ ನೋಡಿ. ನಾನು ಹಾಗೆ ಮಾಡುತ್ತಿದ್ದೆ. ಅಮ್ಮ ‘ಹಾಂಗಾರೆ ನಿನ್ನ ಅಭಿಪ್ರಾಯ ಎಂತ?’ ಎಂದು ಕೇಳಿದರೆ ಅದು ತೂಗುವ ಪ್ರಶ್ನೆ. ‘ಹೌದಾ’ ಎಂದು ಸುಮ್ಮನಾದರೆ ವಿವರಿಸುವ ಪ್ರಶ್ನೆ. ಅಸೈನ್‌ಮೆಂಟ್ ಸಿಲಬಸ್ಸಿನ ಯಾವ ಯೂನಿಟ್‌ನದ್ದು ಎಂದೂ ನೋಡಿ. ಪರಿಸರದ ಪಾಠದ್ದಾದರೆ ಬೋರ್‌ವೆಲ್ ಬಂದ ಮೇಲೆ ಸುರಂಗಕ್ಕೆ ಏನಾಯಿತು ಎಂಬುದು ಮುಖ್ಯ, ಚರಿತ್ರೆಯದ್ದಾದರೆ ಕನಾತ್‌ಗೂ ಇದಕ್ಕೂ ನಂಟುಂಟು ಎನ್ನುವವರ ವಾದ.

ಟೀಚರ್ ಹತ್ತಿರ ‘ಎಂತ ಬರೆಯಬೇಕು’ ಎಂದು ಕೇಳಬೇಡಿ, ‘ಚೆನ್ನಾಗಿ ಬರಿ’ ಎನ್ನುತ್ತಾರೆ ಅಷ್ಟೆ. ‘ಭೂಲಕ್ಷಣವೇ ಮುಖ್ಯ ಕಾರಣವಲ್ಲ ಎಂದು ವಾದಿಸಬಹುದೇ?’ ಎಂದು ಕೇಳಿ. ಹೂಂ ಅಂದರೂ ಊಹೂಂ ಅಂದರೂ ನಿಮಗೆ ದಾರಿ ಸಿಗುತ್ತದೆ.

ಮತ್ತೆ ಬರೆಯುವ ಮೊದಲು ಒಂದು ಸುರಂಗ ನೋಡಿ ಬನ್ನಿ, ತೋಟದವರ ಹತ್ತಿರ ಯಾಕೆ ಕೊರೆಸಿದ್ದು, ಆಗ ಎಷ್ಟು ಖರ್ಚಾಯಿತು ಎಂದು ಕೇಳಿ. ಒಳಗೆ ಮಾತ್ರ ಒಬ್ಬರೇ ನುಗ್ಗಬೇಡಿ. ಹಳೆಯದರಲ್ಲಿ ಗಾಳಿ ಕಮ್ಮಿ, ಬಾವಲಿ ಜಾಸ್ತಿ.