ಸೂಪರ್‌ಜೂಮ್ ಮಾರಿ ಪ್ರೊಫೆಶನಲ್ ಮಿರರ್‌ಲೆಸ್ ತಗೊಳ್ಳಲಾ? ಮಾರಬೇಡಿ, ನಾನು ಮಾರಿದ್ದೆ

ರಾಣೆಬೆನ್ನೂರಿನ ಸುತ್ತಲಿನ ಕೆರೆಗಳಲ್ಲಿ ಹಕ್ಕಿ ತೆಗೆಯುತ್ತೀರಿ. ಕೈಯಲ್ಲಿ ನಿಕಾನ್ ಪಿ900 ಇದೆ, ಲೆನ್ಸ್ ಬದಲಿಸದೆಯೇ ಬಹಳ ದೂರ ಮುಟ್ಟುವ ಸೂಪರ್‌ಜೂಮ್ ಕ್ಯಾಮೆರಾ. ಹಕ್ಕಿ ಫೋಟೋ ಗ್ರೂಪಿನವರು 'ಅದರಲ್ಲಿ ಕ್ವಾಲಿಟಿ ಇಲ್ಲ, ಫುಲ್ ಫ್ರೇಮಿಗೆ ಹೋಗಿ' ಅನ್ನುತ್ತಿದ್ದಾರೆ, ಅಂದರೆ ದೊಡ್ಡ ಸೆನ್ಸರಿನ, ಲೆನ್ಸ್ ಬದಲಿಸಬಹುದಾದ ಮಿರರ್‌ಲೆಸ್ ಕ್ಯಾಮೆರಾಕ್ಕೆ. ಒಂದೂವರೆ ಲಕ್ಷ ಕೂಡಿಟ್ಟಿದ್ದೀರಿ, ಪಿ900 ಮಾರಿದರೆ ಇನ್ನೊಂದಿಷ್ಟು ಸಿಗುತ್ತದೆ. ಎರಡರಲ್ಲಿ ಯಾವುದು ಒಳ್ಳೆಯದು ಅಂತ ನನ್ನನ್ನು ಕೇಳಿದ್ದೀರಿ. 2018ರಲ್ಲಿ ನನ್ನ ಲೆಕ್ಕವೂ ಹೀಗೇ ಇತ್ತು. ನನ್ನ ಕೈಯಲ್ಲಿದ್ದದ್ದೂ ಇದೇ ಪಿ900. ಅದಕ್ಕೇ ರಾತ್ರಿ ಹನ್ನೊಂದಾದರೂ ಕೂತು ಬರೆಯುತ್ತಿದ್ದೇನೆ.

ನಾನು ಗದಗ ಜಿಲ್ಲೆಯಲ್ಲಿ ಹೈಸ್ಕೂಲ್ ವಿಜ್ಞಾನ ಮೇಷ್ಟ್ರು. ನಮಗೆ ಹತ್ತಿರದಲ್ಲೇ ಮಾಗಡಿ ಕೆರೆ ಇದೆ. ಬೆಂಗಳೂರಿನ ಹತ್ತಿರದ ಮಾಗಡಿ ಅಲ್ಲ, ಶಿರಹಟ್ಟಿ ತಾಲೂಕಿನದು. 2024ರಲ್ಲಿ ಅದಕ್ಕೆ ರಾಮ್ಸಾರ್ ಪಟ್ಟ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿ ಅನ್ನುವ ಮಾನ್ಯತೆ ಸಿಕ್ಕಿತು. ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ಚಳಿಗಾಲ ಬಂತೆಂದರೆ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಇಳಿಯುತ್ತವೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿಗಳು. 7 ಸಾವಿರ ಮೀಟರಿಗಿಂತ ಎತ್ತರದಲ್ಲಿ ಹಾರಿದ ದಾಖಲೆ ಇದೆ ಇವುಗಳದ್ದು. ಅಂಥವು ನಮ್ಮ ಶೇಂಗಾ, ಕಡಲೆ ಹೊಲಗಳಲ್ಲಿ ಮೇಯ್ದು, ಹಗಲು ಕೆರೆಯ ನಡುವೆ ಕೂತು ಬಿಸಿಲು ಕಾಯಿಸುತ್ತವೆ. ದಂಡೆಯಲ್ಲಿ ಅಲ್ಲ, ನಡುವೆ. ಈ 'ನಡುವೆ' ಅನ್ನುವುದನ್ನು ನೆನಪಿಡಿ, ಕಥೆಯೆಲ್ಲ ಅದರ ಮೇಲೇ ಇದೆ.

2016ರಲ್ಲಿ ಪಿ900 ತಗೊಂಡೆ. ಫುಲ್ ಫ್ರೇಮ್ ಲೆಕ್ಕದಲ್ಲಿ 24ರಿಂದ 2000 ಮಿಲಿಮೀಟರಿಗೆ ಸಮನಾದ ಜೂಮ್ (ಈ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ತೂಕ ಒಂದು ಕಿಲೋದೊಳಗೆ. ಸೈಕಲ್ ಹ್ಯಾಂಡಲ್ಲಿಗೆ ಚೀಲದಲ್ಲಿ ನೇತುಹಾಕಿಕೊಂಡು ಹೋಗುತ್ತಿದ್ದೆ. ಎರಡು ಚಳಿಗಾಲದಲ್ಲಿ ಆ ಕೆರೆಯ ಯಾವ ಹಕ್ಕಿ ಎಲ್ಲಿ ಕೂರುತ್ತದೆ ಅಂತ ನೋಟ್‌ಬುಕ್ ತುಂಬ ಬರೆದೆ. ದೂರದ ಬಾತುಗಳ ಗುಂಪಿನಲ್ಲಿ ಯಾವುದು ಯಾವ ಜಾತಿ ಅಂತ ಗೊತ್ತಾಗುತ್ತಿದ್ದದ್ದು ಆ ಕ್ಯಾಮೆರಾದಿಂದ. ಒಂಬತ್ತನೇ ಕ್ಲಾಸಿನ ನಾಲ್ಕೈದು ಹುಡುಗರೂ ಜೊತೆಗೆ ಬರಲು ಶುರು ಮಾಡಿದರು.

ಆಮೇಲೆ ನಾನು ಫೋಟೋಗಳನ್ನು ಗ್ರೂಪಿನಲ್ಲಿ ಹಾಕತೊಡಗಿದೆ. 'ರೆಕ್ಕೆಯ ಎಳೆ ಕಾಣಲ್ಲ', 'ನೆರಳಲ್ಲಿ ರವೆರವೆ', 'ನೀರು ಬಣ್ಣ ಹಚ್ಚಿದ ಹಾಗಿದೆ' ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಪಿ900ರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಭಾಗ, ನಮ್ಮ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಸುಮಾರು 28 ಚದರ ಮಿಲಿಮೀಟರ್. ಫುಲ್ ಫ್ರೇಮಿನದು 864. ಮೂವತ್ತು ಪಟ್ಟು. ಸಂಜೆ ಬೆಳಕು ಸಾಲದೆ ಏರಿಸುವ ಐಎಸ್ಒ 800 ದಾಟಿದರೆ ಗರಿಗಳೆಲ್ಲ ಮೇಣದ ಹಾಗೆ ಕರಗುತ್ತವೆ. ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ರಾ ಫೈಲ್ ಇಲ್ಲ. ಒಂದೇ ಸಲ ಏಳು ಫ್ರೇಮ್ ಹೊಡೆದರೆ, ಅದನ್ನೆಲ್ಲ ಕಾರ್ಡಿಗೆ ಬರೆದು ಮುಗಿಸುವ ತನಕ ಸುಮ್ಮನೆ ಕಾಯಬೇಕು. ಹಾರುವ ಹಕ್ಕಿ ಅಷ್ಟರಲ್ಲಿ ಪಕ್ಕದ ಊರಿಗೆ ಹೋಗಿರುತ್ತದೆ. ಇದೆಲ್ಲ ನಿಮಗೂ ಗೊತ್ತಿರುತ್ತದೆ ಅಲ್ವಾ?

ಹಾಗಾಗಿ 2018ರ ಕೊನೆಗೆ ಸೊಸೈಟಿಯಲ್ಲಿ ಸಾಲ ಮಾಡಿದೆ. ಸೋನಿ ಎ7 3 ಅನ್ನುವ ಫುಲ್ ಫ್ರೇಮ್ ಮಿರರ್‌ಲೆಸ್ ತಗೊಂಡೆ. ಲೆನ್ಸಿಲ್ಲದ ಬಾಡಿಯೊಂದೇ ಒಂದೂವರೆ ಲಕ್ಷ ದಾಟಿತು. ಕೈಯಲ್ಲಿ ಉಳಿದದ್ದಕ್ಕೆ ಪಿ900 ಮಾರಿದ ಹದಿನೆಂಟು ಸಾವಿರ ಸೇರಿಸಿ, ಯಾರೋ ಬಳಸಿದ್ದ 70-200 ಎಫ್4 ಲೆನ್ಸ್ ತಂದೆ. ಮನೆಗೆ ತಂದ ದಿನ ಅಂಗಳದ ದಾಸವಾಳದ ಮೇಲೆ ಕೂತ ಸೂರಕ್ಕಿಯನ್ನು ತೆಗೆದೆ. ಕಣ್ಣಿನ ಸುತ್ತಲಿನ ಪುಟ್ಟ ಗರಿಗಳೂ ಎಣಿಸುವ ಹಾಗೆ ಬಂದಿದ್ದವು. ಹೆಂಡತಿಗೆ ತೋರಿಸಿದೆ, ಮಕ್ಕಳಿಗೆ ತೋರಿಸಿದೆ. ಸಾಲ ಮಾಡಿದ್ದು ಸಾರ್ಥಕ ಅನಿಸಿತು.

ನನ್ನ ತಪ್ಪು ಇಲ್ಲಿದೆ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಂಗಡಿಯಲ್ಲಿ ನಾನು ಕೇಳಿದ್ದೆ: '200 ಸಾಕಾಗುತ್ತಾ? ನಾನು ದೂರದ ಹಕ್ಕಿ ತೆಗೆಯುವವನು.' ಉತ್ತರ ಬಂತು: 'ಫುಲ್ ಫ್ರೇಮ್ ಸರ್, ಆಮೇಲೆ ಕ್ರಾಪ್ ಮಾಡಿದರಾಯ್ತು.' ಈ ಒಂದು ಮಾತನ್ನು ನಾನು ನಂಬಿದೆ. ಮಕ್ಕಳಿಗೆ ಅನುಪಾತ ಕಲಿಸುವ ಮೇಷ್ಟ್ರು ನಾನು, ಒಂದು ಚೀಟಿಯ ಹಿಂದೆ ಲೆಕ್ಕ ಹಾಕಿ ನೋಡಲಿಲ್ಲ.

ಲೆಕ್ಕ ಇಷ್ಟೇ. ಪಿ900 ತೋರಿಸುವುದು 2000. ನನ್ನ ಹೊಸ ಲೆನ್ಸ್ ತೋರಿಸುವುದು 200. ಹತ್ತರಲ್ಲಿ ಒಂದು. ಹಳೆಯ ಕ್ಯಾಮೆರಾ ಪೂರ್ತಿ ಜೂಮಿನಲ್ಲಿ ತೋರಿಸುವಷ್ಟೇ ಜಾಗವನ್ನು ಹೊಸದರಿಂದ ಕತ್ತರಿಸಿ ತೆಗೆಯಬೇಕೆಂದರೆ, ಅಗಲದಲ್ಲಿ ಹತ್ತನೇ ಒಂದು ಭಾಗ, ಎತ್ತರದಲ್ಲಿ ಹತ್ತನೇ ಒಂದು ಭಾಗ. ಅಂದರೆ ನೂರರಲ್ಲಿ ಒಂದು. 24 ಮೆಗಾಪಿಕ್ಸೆಲ್ ಫೋಟೋದಲ್ಲಿ ಉಳಿಯುವುದು ಕಾಲು ಮೆಗಾಪಿಕ್ಸೆಲ್! ಆ ಕಾಲು ಮೆಗಾಪಿಕ್ಸೆಲ್ ಎಷ್ಟೇ ಶುದ್ಧವಾಗಿರಲಿ, ಪಿ900ರ ಮಸುಕಾದ 16 ಮೆಗಾಪಿಕ್ಸೆಲ್ ಮುಂದೆ ಅದು ಏನೂ ಅಲ್ಲ.

ಕ್ಯಾಮೆರಾದಲ್ಲೇ ಸೆನ್ಸರಿನ ನಡುಭಾಗವನ್ನಷ್ಟೇ ಬಳಸುವ ಎಪಿಎಸ್-ಸಿ ಕ್ರಾಪ್ ಒತ್ತಿದರೆ 300 ಆಗುತ್ತದಲ್ಲ ಅಂತ ಹೇಳುವವರಿದ್ದಾರೆ. ಅದೂ ಕತ್ತರಿಯೇ. 24 ಇದ್ದದ್ದು 10 ಮೆಗಾಪಿಕ್ಸೆಲ್ ಆಗುತ್ತದೆ, ಹಕ್ಕಿ ಒಂದು ಇಂಚೂ ಹತ್ತಿರ ಬರುವುದಿಲ್ಲ. ಲೆನ್ಸಿನ ಹಿಂದೆ ಕೂತು ಅದರ ಅಳತೆ ಹೆಚ್ಚಿಸುವ ಟೆಲಿಕನ್ವರ್ಟರ್ ಹಾಕೋಣ ಅಂದುಕೊಂಡೆ. ನಾನು ತಂದಿದ್ದ ಆ ಹಳೆಯ ಎಫ್4 ಲೆನ್ಸಿಗೆ ಸೋನಿಯ ಕನ್ವರ್ಟರ್ ಕೂರುವುದೇ ಇಲ್ಲ ಅಂತ ತಂದ ಮೇಲೆ ಗೊತ್ತಾಯಿತು. ಎಲ್ಲ ದುಡ್ಡು ಕ್ಯಾಮೆರಾ ಬಾಡಿಯ ಮೇಲೇ ಸುರಿದಿದ್ದೆ. ಲೆನ್ಸಿಗೆ ಉಳಿಸಿರಲಿಲ್ಲ. ಹಳೆಯದನ್ನೂ ಇಟ್ಟುಕೊಂಡಿರಲಿಲ್ಲ.

2019ರ ಜನವರಿಯ ಒಂದು ಭಾನುವಾರ. ಬೆಳಗ್ಗೆ ಏಳಕ್ಕೆ ಕೆರೆ ಏರಿ ಮೇಲೆ ಇದ್ದೆವು. ಶಾಲೆಯ ಬೈನಾಕ್ಯುಲರ್ ಹಿಡಿದಿದ್ದ ಹುಡುಗ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದ.

'ಸರ, ಅದರ ಕೊಳ್ಳಾಗ ಹಸರ ಪಟ್ಟಿ ಐತ್ರಿ.'

ಮೈ ಜುಮ್ಮೆಂದಿತು. ಮಂಗೋಲಿಯಾದಲ್ಲಿ ಕೆಲವು ಹೆಬ್ಬಾತುಗಳಿಗೆ ಕೊರಳಪಟ್ಟಿ ಹಾಕಿ ಬಿಡುತ್ತಾರೆ. ಅದರ ಮೇಲೆ ದೊಡ್ಡದಾಗಿ ಅಕ್ಷರ, ಅಂಕಿ ಇರುತ್ತವೆ. ಅಂಥ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದಿದೆ. ಆ ಅಕ್ಷರ, ಅಂಕಿ ಓದಿ ತಿಳಿಸಿದರೆ ಸಾಕು, ಅದು ಯಾವ ಸರೋವರದ ಹತ್ತಿರ, ಯಾವ ವರ್ಷ ಪಟ್ಟಿ ಹಾಕಿಸಿಕೊಂಡ ಹಕ್ಕಿ ಅಂತ ಗೊತ್ತಾಗುತ್ತದೆ. ನಮ್ಮೂರ ಕೆರೆಗೂ ಆ ಸರೋವರಕ್ಕೂ ನಡುವೆ ಒಂದು ಗೆರೆ ಎಳೆಯಬಹುದು. ನನ್ನ ಹುಡುಗರು ಕಂಡುಹಿಡಿದ ಗೆರೆ.

ಹಕ್ಕಿ ಸುಮಾರು 150 ಮೀಟರ್ ದೂರದಲ್ಲಿತ್ತು. ಕ್ಯಾಮೆರಾ ಎತ್ತಿದೆ. ಬೆಳಕು ಚೆನ್ನಾಗಿತ್ತು, ಫೋಕಸ್ ಗಟ್ಟಿಯಾಗಿತ್ತು, ಎಪ್ಪತ್ತು ಎಂಬತ್ತು ಫೋಟೋ ಹೊಡೆದೆ. ಹಿಂದಿನ ಪರದೆಯಲ್ಲಿ ಹಿಗ್ಗಿಸಿ ನೋಡಿದೆ. ಹಸಿರು ಕಾಣುತ್ತಿತ್ತು. ಅದರ ಮೇಲೆ ಬಿಳಿ ಕಲೆಗಳು. ಮೊದಲನೆಯದು ಅಕ್ಷರ ಇರಬಹುದು. ಅಷ್ಟೇ.

ಆ ಲೆಕ್ಕವನ್ನು ಮನೆಗೆ ಬಂದ ಮೇಲೆ ಹಾಕಿದೆ, ತಡವಾಗಿ. 200 ಲೆನ್ಸ್, 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್. 150 ಮೀಟರಿನಲ್ಲಿ ಒಂದು ಪಿಕ್ಸೆಲ್ ನಾಲ್ಕೂವರೆ ಮಿಲಿಮೀಟರ್ ಜಾಗ ನುಂಗುತ್ತದೆ. ಪಟ್ಟಿಯ ಅಕ್ಷರ ಎರಡು ಸೆಂಟಿಮೀಟರ್ ಎತ್ತರ ಅಂದುಕೊಳ್ಳಿ. ನಾಲ್ಕು ಪಿಕ್ಸೆಲ್ ಸಿಕ್ಕಿತು. ನಾಲ್ಕು ಚುಕ್ಕಿಯಲ್ಲಿ 3 ಯಾವುದು, 8 ಯಾವುದು ಹೇಳಿ? ಪಿ900ರಲ್ಲಿ ಅದೇ ಅಕ್ಷರಕ್ಕೆ ಮೂವತ್ತಕ್ಕಿಂತ ಜಾಸ್ತಿ ಪಿಕ್ಸೆಲ್ ಬೀಳುತ್ತಿತ್ತು. ಚಿಕ್ಕ ಸೆನ್ಸರಿನ ಮಸುಕಿನಲ್ಲಿ ಅದರ ಮೂರನೇ ಒಂದು ಭಾಗವೇ ಕೆಲಸಕ್ಕೆ ಬರಲಿ, ಓದಲು ಅಷ್ಟು ಸಾಕಿತ್ತು. ಗರಿಯ ಎಳೆ ಬರುತ್ತಿರಲಿಲ್ಲ. ನಂಬರ್ ಬರುತ್ತಿತ್ತು.

ಆವತ್ತು ಅದಕ್ಕಿಂತ ಕೆಟ್ಟ ಕೆಲಸ ಇನ್ನೊಂದು ಮಾಡಿದೆ. ಲೆನ್ಸ್ ಮುಟ್ಟಲಿಲ್ಲ ಅಂತ ನಾನೇ ಮುಂದೆ ಹೋದೆ. ಏರಿ ಇಳಿದು, ಕೆಸರಿನಲ್ಲಿ ಬಗ್ಗಿಕೊಂಡು, ಮೂವತ್ತು ಹೆಜ್ಜೆ. ಹುಡುಗರಿಗೆ ಎರಡು ವರ್ಷದಿಂದ 'ಹಕ್ಕಿ ಏಳುವಷ್ಟು ಹತ್ತಿರ ಹೋಗಬಾರದು' ಅಂತ ಹೇಳಿಕೊಡುತ್ತಿದ್ದವನು ನಾನು. ಮೊದಲು ಅಂಚಿನ ಹತ್ತು ಹಕ್ಕಿ ಕತ್ತೆತ್ತಿದವು. ಆಮೇಲೆ ಇಡೀ ಹಿಂಡು ಎದ್ದಿತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಪಟ್ಟಿಯ ಹಕ್ಕಿ ಯಾವುದು ಅಂತ ಮತ್ತೆ ಸಿಗಲಿಲ್ಲ. ಮುಂದಿನ ಭಾನುವಾರವೂ ಇಲ್ಲ, ಅದರ ಮುಂದಿನದೂ ಇಲ್ಲ. ಮಾರ್ಚ್ ಹೊತ್ತಿಗೆ ಎಲ್ಲ ಹೋದವು.

'ನಂಬರ್ ಬಂತೇನ್ರಿ ಸರ?' ಅಂತ ಆ ಹುಡುಗ ಸೋಮವಾರ ಕ್ಲಾಸಿನಲ್ಲಿ ಕೇಳಿದ. ಬರಲಿಲ್ಲ ಅಂದೆ. 'ಹಳೇ ಕ್ಯಾಮೆರಾದಾಗ ಬರತಿತ್ತಲ್ರಿ' ಅಂದ. ಅವನಿಗೆ ನಾನು ಯಾವ ಲೆಕ್ಕವನ್ನೂ ವಿವರಿಸಬೇಕಾಗಿರಲಿಲ್ಲ.

ಈಗ ನಿಮ್ಮ ವಿಷಯ. 'ಎರಡರಲ್ಲಿ ಯಾವುದು ಒಳ್ಳೆಯದು' ಅಂತ ಕೇಳಿದ್ದೀರಿ. ಆ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀವು ತೆಗೆಯುವ ಹಕ್ಕಿ ಎಷ್ಟು ದೂರ ಕೂರುತ್ತದೆ, ಯಾವ ಹೊತ್ತಿನಲ್ಲಿ, ಕೂತಿರುತ್ತದೋ ಹಾರುತ್ತಿರುತ್ತದೋ, ಇದನ್ನು ಮೊದಲು ಬರೆದುಕೊಳ್ಳಿ. ಕಳೆದ ವರ್ಷದ ನಿಮ್ಮ ಫೋಟೋಗಳನ್ನು ತೆರೆದು, ಎಷ್ಟು ಜೂಮಿನಲ್ಲಿ ತೆಗೆದಿದ್ದೀರಿ ಅಂತ ಒಂದೊಂದೇ ನೋಡಿ. ಫೈಲಿನಲ್ಲೇ ದಾಖಲಾಗಿರುತ್ತದೆ. ಮುಕ್ಕಾಲು ಪಾಲು ಫೋಟೋ 1200 ದಾಟಿದ್ದರೆ, ಒಂದೂವರೆ ಲಕ್ಷಕ್ಕೆ ಅದನ್ನು ಕೊಡುವ ಫುಲ್ ಫ್ರೇಮ್ ಸೆಟ್ ಇಲ್ಲ.

'ಪ್ರೊಫೆಶನಲ್' ಅನ್ನುವ ಮಾತನ್ನೂ ಬಿಡಿ. ಪಕ್ಷಿ ಗಣತಿಗೆ, ಗುರುತಿಸುವುದಕ್ಕೆ, ಕೊರಳಪಟ್ಟಿ ಓದುವುದಕ್ಕೆ ಪಿ900 ಗಂಭೀರವಾದ ಸಾಧನ. ಕೂತ ಹಕ್ಕಿ, ಬೆಳಗಿನ ಬೆಳಕು, ಐಎಸ್ಒ 400ರ ಒಳಗೆ. ಪಕ್ಕದಲ್ಲಿ ಸ್ನ್ಯಾಪ್‌ಬ್ಯಾಕ್ ಬಟನ್ ಇದೆ ನೋಡಿ, ಒತ್ತಿ ಹಿಡಿದರೆ ಜೂಮ್ ಹಿಂದೆ ಸರಿಯುತ್ತದೆ, ಹಕ್ಕಿ ಹುಡುಕಿ ಬಿಟ್ಟರೆ ಮತ್ತೆ ಮುಂದೆ ಹೋಗುತ್ತದೆ. ಅದನ್ನು ಅಭ್ಯಾಸ ಮಾಡಿ. ಒಂಬತ್ತೂವರೆ ಮೇಲೆ ನೀರಿನ ಮೇಲಿನ ಗಾಳಿ ಬಿಸಿಯಾಗಿ ಕುಣಿಯತೊಡಗುತ್ತದೆ. ಆಗ ಐದು ಲಕ್ಷದ ಲೆನ್ಸಿನಲ್ಲೂ ದೂರದ ಹಕ್ಕಿ ಅಲುಗಾಡುತ್ತದೆ. ತಪ್ಪು ನಿಮ್ಮ ಕ್ಯಾಮೆರಾದ್ದು ಅಂದುಕೊಳ್ಳಬೇಡಿ.

ಮಿರರ್‌ಲೆಸ್ ಬೇಡವೇ ಬೇಡ ಅಂತಲ್ಲ. ಸಂಜೆ ಹುಲ್ಲುಗಾವಲಿಗೆ ಮಲಗಲು ಇಳಿಯುವ ಸೆಳೆವ, ಹ್ಯಾರಿಯರ್ ಅಂತಾರಲ್ಲ, ಅದನ್ನು ಪಿ900ರಲ್ಲಿ ನಾನು ಒಮ್ಮೆಯೂ ಸರಿಯಾಗಿ ತೆಗೆಯಲಿಲ್ಲ. ಫೋಕಸ್ ಹುಡುಕುವಷ್ಟರಲ್ಲಿ ಕತ್ತಲಾಗುತ್ತಿತ್ತು. 2022ರಲ್ಲಿ ಸಾಲ ತೀರಿದ ಮೇಲೆ ಬಳಸಿದ 200-600 ಲೆನ್ಸ್ ತಗೊಂಡೆ. ಎ7 3 ನಿಜವಾಗಿ ಏನು ಅಂತ ಗೊತ್ತಾದದ್ದು ಆಗ. ಐಎಸ್ಒ 6400ರಲ್ಲೂ ಗರಿ ಗರಿಯಾಗಿಯೇ ಉಳಿಯುತ್ತದೆ, ಹಾರುವ ಹಕ್ಕಿಯ ಬೆನ್ನು ಬಿಡುವುದಿಲ್ಲ. ಅಂದಹಾಗೆ, 600ರಲ್ಲಿ 150 ಮೀಟರಿನ ಆ ಅಕ್ಷರಕ್ಕೆ ಹದಿಮೂರು ಪಿಕ್ಸೆಲ್ ಸಿಗುತ್ತದೆ. ಓದಬಹುದಿತ್ತು. ಆದರೆ ಲೆನ್ಸೊಂದೇ ಎರಡು ಕಿಲೋ ಮೇಲೆ, ಬಾಡಿ ಸೇರಿದರೆ ಎರಡೂಮುಕ್ಕಾಲು. ಸೈಕಲ್ಲಿನ ಹ್ಯಾಂಡಲ್ಲಿಗೆ ನೇತುಹಾಕಲು ಆಗುವುದಿಲ್ಲ.

ನಿಮ್ಮ ದುಡ್ಡಿಗೆ ನನ್ನ ಸಲಹೆ ಒಂದೇ. ಪಿ900 ಮನೆಯಲ್ಲಿರಲಿ, ಹದಿನೈದು ಹದಿನೆಂಟು ಸಾವಿರಕ್ಕೆ ಅದನ್ನು ಕೊಡಬೇಡಿ. ಬಾಡಿಗಿಂತ ಮೊದಲು ಲೆನ್ಸ್ ಆರಿಸಿ. 400ಕ್ಕಿಂತ ಕಡಿಮೆ ಇರುವುದನ್ನು ಹಕ್ಕಿಗೆ ಅಂತ ತಗೊಳ್ಳಲೇಬೇಡಿ. ಫುಲ್ ಫ್ರೇಮಿನ ಹಟ ಬಿಟ್ಟರೆ ಕ್ಯಾನನ್ ಆರ್10 ಜೊತೆ 100-400 ನೋಡಬಹುದು, ಲೆನ್ಸ್ ಮುಕ್ಕಾಲು ಕಿಲೋದ ಒಳಗಿದೆ, 640ಕ್ಕೆ ಸಮನಾಗಿ ಮುಟ್ಟುತ್ತದೆ. ಸಂಜೆ ಬೆಳಕಿಗೆ ಅದು ಸ್ವಲ್ಪ ಕತ್ತಲೆಯ ಲೆನ್ಸ್, ಬೆಳಕು ಕಡಿಮೆ ಒಳಬಿಡುತ್ತದೆ, ಅದೂ ಗೊತ್ತಿರಲಿ. ಏನೇ ತಗೊಳ್ಳುವುದಿದ್ದರೂ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಎರಡು ದಿನಕ್ಕೆ ಬಾಡಿಗೆಗೆ ತಂದು, ನಿಮ್ಮದೇ ಕೆರೆಯ ಏರಿ ಮೇಲೆ ನಿಂತು, ನಿಮ್ಮ ಹಕ್ಕಿ ಕೂರುವ ಜಾಗಕ್ಕೇ ಹಿಡಿದು ನೋಡಿ. ಅಂಗಡಿಯ ಬಾಗಿಲಿಂದ ಎದುರಿನ ಬೋರ್ಡಿಗೆ ಹಿಡಿದು ನಿರ್ಧಾರ ಮಾಡಬೇಡಿ. ನಾನು ಹಾಗೇ ಮಾಡಿದ್ದು.

ಹೋದ ವರ್ಷ ಒಬ್ಬರ ಹತ್ತಿರ ಹಳೆಯ ಪಿ900 ಸಿಕ್ಕಿತು, ಮತ್ತೆ ತಗೊಂಡೆ. ಈಗ ಅದು ನನ್ನ ಕೊರಳಲ್ಲಿ, ದೊಡ್ಡದು ಬೈಕಿನ ಪೆಟ್ಟಿಗೆಯಲ್ಲಿ. ಕೊರಳಪಟ್ಟಿಯ ಹಕ್ಕಿ ಮತ್ತೆ ಕಂಡಿಲ್ಲ. ಆ ಹುಡುಗ ಈಗ ಧಾರವಾಡದಲ್ಲಿ ಓದುತ್ತಿದ್ದಾನೆ, ಡಿಸೆಂಬರ್ ಬಂದರೆ ಫೋನ್ ಮಾಡಿ ಕೇಳುತ್ತಾನೆ. ನಿಮಗೆ ಸಾಧ್ಯವಾದರೆ ಜನವರಿಯಲ್ಲಿ ಒಂದು ಭಾನುವಾರ ಮಾಗಡಿಗೆ ಬನ್ನಿ. ಎರಡೂ ಕ್ಯಾಮೆರಾ ನಿಮ್ಮ ಕೈಗೆ ಕೊಡುತ್ತೇನೆ, ಏರಿ ಮೇಲೆ ನಿಂತು ನೀವೇ ತೂಗಿ ನೋಡಿ. ಬೆಳಗ್ಗೆ ಆರೂವರೆಗೆ ಅಲ್ಲಿರಬೇಕು.