ಸ್ಪೀಕರಲ್ಲಿ ಆಡುತ್ತಾ ರೆಕಾರ್ಡ್ ಮಾಡಲು ಯಾವ ಮೈಕ್? ಮೊದಲು ಅದನ್ನು ಮೇಜಿನಿಂದ ಎತ್ತಿ

ಉಡುಪಿಯ ಸೆಕೆಗೆ ಹೆಡ್‌ಫೋನ್ ಹಾಕಿ ಕೂರಲು ಆಗುವುದಿಲ್ಲ, ಸ್ಪೀಕರಲ್ಲೇ ಗೇಮ್ ಆಡುತ್ತೇನೆ, ರೆಕಾರ್ಡಿಂಗಿಗೆ ಕಂಡೆನ್ಸರ್ ಮೈಕಾ (ಸಣ್ಣ ಸದ್ದನ್ನೂ ಹಿಡಿಯುವ ಸೂಕ್ಷ್ಮ ಬಗೆ) ಡೈನಾಮಿಕ್ಕಾ (ವೇದಿಕೆಯಲ್ಲಿ ಕೈಯಲ್ಲಿ ಹಿಡಿಯುವಂಥ ಗಟ್ಟಿ ಬಗೆ) ಅಂತ ಕೇಳಿದ್ದೀರಿ. ಆ ಪ್ರಶ್ನೆಯಿಂದ ಶುರು ಮಾಡಿದರೆ ದುಡ್ಡು ಹೋಗುತ್ತದೆ, ಸದ್ದು ಹೋಗುವುದಿಲ್ಲ ಮಾರಾಯ್ರೆ. ಕೇಳಬೇಕಾದ್ದು ಮೈಕ್ ಬಾಯಿಂದ ಎಷ್ಟು ದೂರ ಉಂಟು ಅಂತ.

ನಮ್ಮ ಕಡೆ ಹುಡುಗರ ಸೆಟಪ್ಪುಗಳಲ್ಲಿ ನಾನು ನೋಡುವುದು ಇದನ್ನೇ: ಮೈಕನ್ನು ಅದರ ಜೊತೆ ಬಂದ ಪುಟ್ಟ ಸ್ಟ್ಯಾಂಡಲ್ಲಿ ಕೀಬೋರ್ಡಿನ ಆಚೆ ಇಟ್ಟು, ಧ್ವನಿ ಸಣ್ಣಗೆ ಬರುತ್ತದೆ ಅಂತ ಗೇನ್, ಅಂದರೆ ಮೈಕ್ ಹಿಡಿದ ಸದ್ದನ್ನು ದೊಡ್ಡದು ಮಾಡುವ ಪ್ರಮಾಣ, ಏರಿಸುವುದು. ಲೆಕ್ಕ ಹಾಕಿ ನೋಡಿ. ಸಾಧಾರಣ ಮಾತು 1 ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ದೂರ ಅರ್ಧವಾದ ಹಾಗೆಲ್ಲ 6 ಡೆಸಿಬೆಲ್ ಏರುತ್ತದೆ. ಅಂದರೆ 60 ಸೆಂಟಿಮೀಟರಿನಲ್ಲಿ 64, 10 ಸೆಂಟಿಮೀಟರಿನಲ್ಲಿ 80. ಈಗ ಸ್ಪೀಕರ್ ನಿಮ್ಮ ಕಿವಿಯ ಹತ್ತಿರ 65 ಡೆಸಿಬೆಲ್ ಆಗುವಷ್ಟು ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ಮೇಜಿನ ಮೇಲಿರುವ ಮೈಕ್ ನಿಮಗಿಂತ ಸ್ಪೀಕರಿಗೇ ಹತ್ತಿರ, ಅಲ್ಲಿ ಗೇಮ್ 70 ದಾಟುತ್ತದೆ, ನಿಮ್ಮ ಮಾತು 64ರಲ್ಲೇ ಉಳಿಯುತ್ತದೆ. ಗೇನ್ ಏರಿಸಿದರೆ ಎರಡೂ ಒಟ್ಟಿಗೆ ಏರುತ್ತವೆ, ನಡುವಿನ ಅಂತರ ಕೂದಲಷ್ಟೂ ಬದಲಾಗುವುದಿಲ್ಲ. ಅದೇ ಮೈಕನ್ನು ಬಾಯಿಂದ 10 ಸೆಂಟಿಮೀಟರಿಗೆ ತನ್ನಿ: ಮಾತು ಗೇಮಿಗಿಂತ 15 ಡೆಸಿಬೆಲ್ ಮೇಲೆ. ಇದಕ್ಕೆ ಬೇಕಾದ್ದು ಮೇಜಿನ ಅಂಚಿಗೆ ಕಚ್ಚಿಸುವ ಒಂದು ಬೂಮ್ ಆರ್ಮ್ (ಮೈಕ್ ಹಿಡಿಯುವ ಉದ್ದ ತೋಳು), ಬಾಯಿಯ ಗಾಳಿ ಮೈಕಿಗೆ ಬಡಿಯದ ಹಾಗೆ ತಡೆಯುವ ಒಂದು ಪಾಪ್ ಫಿಲ್ಟರ್.

ಯಕ್ಷಗಾನದಲ್ಲಿ ಪಕ್ಕದಲ್ಲೇ ಚೆಂಡೆ ಗುಡುಗುತ್ತಿದ್ದರೂ ಭಾಗವತರ ಪದ ಕೇಳಿಸುವುದು ಮೈಕ್ ಅವರ ಬಾಯಿಯ ಹತ್ತಿರ ಇರುವುದರಿಂದ. ಆ ಮೈಕ್ ಎಷ್ಟೋ ಸಲ ಮಾಮೂಲಿ ಡೈನಾಮಿಕ್.

ಡೈನಾಮಿಕ್ ಸುತ್ತಲಿನ ಸದ್ದು ಹಿಡಿಯುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದರ ಸೆನ್ಸಿಟಿವಿಟಿ ಕಡಿಮೆ, ಅಂದರೆ ಎಲ್ಲ ಸದ್ದನ್ನೂ ಸಣ್ಣಗೆ ಕೊಡುತ್ತದೆ, ಅಷ್ಟೇ. ಗೇನ್ ಕೊಟ್ಟು ಮಾತನ್ನು ಸಮ ಮಾಡಿದ ಕೂಡಲೇ ಫ್ಯಾನೂ ಗೇಮೂ ಅದರ ಜೊತೆ ಮೇಲೆ ಬರುತ್ತವೆ. ಅದನ್ನು ಬಳಸುವವರು ಹತ್ತಿರ ಹಿಡಿದು ಮಾತಾಡುತ್ತಾರೆ, ಹೆಸರು ಮೈಕಿಗೆ ಬರುತ್ತದೆ.

ಎರಡನೆಯ ವಿಷಯ ದಿಕ್ಕು. ಕಾರ್ಡಿಯಾಯ್ಡ್ ಮೈಕ್, ಅಂದರೆ ಮುಖ್ಯವಾಗಿ ಎದುರಿನ ಸದ್ದು ಹಿಡಿಯುವ ಮೈಕ್, ಪೂರ್ತಿ ಕಿವುಡಾಗುವುದು ಸರಿಯಾಗಿ ಬೆನ್ನ ಹಿಂದೆ, 180 ಡಿಗ್ರಿಯಲ್ಲಿ. ಇನ್ನೂ ಕಿರಿದಾಗಿ ಕೇಳುವ ಸೂಪರ್ ಕಾರ್ಡಿಯಾಯ್ಡಿಗೆ ಆ ಜಾಗ ಸುಮಾರು 126 ಡಿಗ್ರಿ. ನೇರ ಹಿಂದೆ ಅದಕ್ಕೆ ತಕ್ಕಮಟ್ಟಿಗೆ ಕೇಳಿಸುತ್ತದೆ. ಮಾನಿಟರಿನ ಎರಡೂ ಬದಿಗೆ ಸ್ಪೀಕರ್ ಇದ್ದು ಮೈಕ್ ನಿಮ್ಮ ಮುಖ ನೋಡುತ್ತಿದ್ದರೆ ಸ್ಪೀಕರುಗಳು ಅದಕ್ಕೆ 145-150 ಡಿಗ್ರಿಯಲ್ಲಿ ಬೀಳುತ್ತವೆ. ಅಲ್ಲಿ ಕಾರ್ಡಿಯಾಯ್ಡೇ ಮೇಲು. ಸ್ಪೀಕರುಗಳನ್ನು ತುಂಬಾ ಅಗಲಕ್ಕೆ ಇಟ್ಟವರು ಮಾತ್ರ ಸೂಪರ್ ಯೋಚಿಸಲಿ. ಬ್ಲೂ ಯೇಟಿಯಂಥ ಯುಎಸ್‌ಬಿ ಕಂಡೆನ್ಸರ್ ಮೈಕ್ ಈಗಾಗಲೇ ಇದ್ದರೆ ಹಿಂದಿನ ಗುಬುಟು ಕಾರ್ಡಿಯಾಯ್ಡಿನಲ್ಲಿ ಉಂಟಾ ನೋಡಿ, ಮತ್ತೆ ಅದರ ತಲೆಗಲ್ಲ, ಲೋಗೋ ಇರುವ ಬದಿಗೆ ಮಾತಾಡಿ. ಕಾಲರಿಗೆ ಸಿಕ್ಕಿಸುವ ಲ್ಯಾಪೆಲ್ ಮೈಕು ಬಹುತೇಕ ಓಮ್ನಿ, ಎಲ್ಲ ದಿಕ್ಕಿನ ಸದ್ದೂ ಹಿಡಿಯುತ್ತದೆ, ಈ ಕೆಲಸಕ್ಕೆ ಬೇಡ.

ಕಾಗದದ ಮೇಲಿನ ಈ ಕಿವುಡುತನ ಕೋಣೆಯಲ್ಲಿ ಅಷ್ಟು ಸಿಗುವುದಿಲ್ಲ. ಸ್ಪೀಕರಿನ ಸದ್ದು ನಿಮ್ಮ ಬೆನ್ನ ಹಿಂದಿನ ಗೋಡೆಗೆ ಬಡಿದು ಮೈಕಿನ ಮುಖಕ್ಕೇ ವಾಪಸ್ ಬರುತ್ತದೆ, ಬೇಸ್ ಅಂತೂ ಎಲ್ಲ ಕಡೆಯಿಂದ ನುಗ್ಗುತ್ತದೆ. ಗಾರೆ ಗೋಡೆ, ರೆಡ್ ಆಕ್ಸೈಡ್ ನೆಲದ ಕೋಣೆ ಇನ್ನೂ ಕೆಟ್ಟದ್ದು. ಕುರ್ಚಿಯ ಹಿಂದೆ ದಪ್ಪ ಹಾಸಿಗೆ ನಿಲ್ಲಿಸಿ ಅಥವಾ ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದಿಡಿ. ಸಬ್‌ವೂಫರ್ ಬಂದ್. ಸ್ಪೀಕರುಗಳನ್ನು ನಿಮ್ಮ ಹತ್ತಿರಕ್ಕೆ ಎಳೆದು ವಾಲ್ಯೂಮ್ ಇಳಿಸಿ. ಆಮೇಲೆ ಗೇಮ್ ಹಾಕಿ, ಬಾಯಿ ಮುಚ್ಚಿ, ಒಬಿಎಸ್ (ರೆಕಾರ್ಡ್ ಮಾಡುವ ಉಚಿತ ಸಾಫ್ಟ್‌ವೇರ್) ಮೀಟರ್ ನೋಡುತ್ತಾ ಮೈಕನ್ನು ನಿಧಾನ ತಿರುಗಿಸಿ. ಮೀಟರಿನ ಪಟ್ಟಿ ಅತಿ ಚಿಕ್ಕದಾಗುವ ಕೋನದಲ್ಲಿ ಬಿಗಿ ಮಾಡಿ.

ಸಾಫ್ಟ್‌ವೇರಿನಿಂದ ಹೆಚ್ಚು ನಿರೀಕ್ಷೆ ಬೇಡ. ನಾಯ್ಸ್ ಗೇಟ್, ಅಂದರೆ ಸದ್ದು ಸಣ್ಣದಿದ್ದಾಗ ಮೈಕ್ ಮುಚ್ಚಿಡುವ ಫಿಲ್ಟರ್, ನೀವು ಬಾಯಿ ತೆರೆದಾಗ ತೆರೆಯುತ್ತದೆ, ಗೇಮ್ ಸದ್ದೂ ಅದೇ ಬಾಗಿಲಲ್ಲಿ ಒಳಗೆ ಬರುತ್ತದೆ. ಗದ್ದಲ ಕಡಿಮೆ ಮಾಡುವ ಆರ್‌ಎನ್‌ನಾಯ್ಸ್ ಫಿಲ್ಟರ್ ಫ್ಯಾನಿನ ಸದ್ದು ತೆಗೆದೀತು, ಗೇಮಿನ ಪಾತ್ರ ಮಾತಾಡಿದರೆ ಅದನ್ನೂ ಮನುಷ್ಯನ ದನಿ ಅಂತ ಬಿಟ್ಟುಕೊಡುತ್ತದೆ. ಮಾತಾಡುವ ಆ್ಯಪ್ ಡಿಸ್ಕಾರ್ಡಿನ ಎಕೋ ಕ್ಯಾನ್ಸಲೇಶನ್ (ಸ್ಪೀಕರಿನ ಸದ್ದನ್ನು ಮೈಕಿನಿಂದ ಕಳೆಯುವುದು) ಕಾಲ್‌ಗೆ ಸಾಕು, ಆದರೆ ಗೇಮ್ ಜೋರಾದಾಗ ನಿಮ್ಮ ಮಾತನ್ನೂ ಅಷ್ಟಿಷ್ಟು ತಿನ್ನುತ್ತದೆ.

ಒಬಿಎಸ್‌ನಲ್ಲಿ ಅಡ್ವಾನ್ಸ್‌ಡ್ ಆಡಿಯೋ ಪ್ರಾಪರ್ಟೀಸ್‌ಗೆ ಹೋಗಿ ಮೈಕನ್ನು ಟ್ರ್ಯಾಕ್ 2, ಡೆಸ್ಕ್‌ಟಾಪ್ ಆಡಿಯೋವನ್ನು ಟ್ರ್ಯಾಕ್ 3 ಮಾಡಿ, ಔಟ್‌ಪುಟ್ ಸೆಟ್ಟಿಂಗಿನಲ್ಲಿ ಆ ಟ್ರ್ಯಾಕುಗಳಿಗೂ ಟಿಕ್ ಹಾಕಿ ಎಂಕೆವಿ ಎಂಬ ವಿಡಿಯೋ ಫೈಲ್ ಬಗೆಯಲ್ಲಿ ರೆಕಾರ್ಡ್ ಮಾಡಿ. ಮಾತಿನ ಅತಿ ಜೋರಿನ ಮಟ್ಟ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಹತ್ತಿರ ಇರಲಿ, 80 ಹರ್ಟ್ಸ್ ಕೆಳಗಿನ ಸದ್ದು ಕತ್ತರಿಸುವ ಹೈಪಾಸ್ ಫಿಲ್ಟರ್ ಹಾಕಿ. ಯಾಕೆಂದರೆ ಹತ್ತಿರ ಮಾತಾಡಿದರೆ ಬೇಸ್ ಉಬ್ಬುತ್ತದೆ. ಆಮೇಲೆ ಮೈಕ್ ಟ್ರ್ಯಾಕ್ ಒಂದನ್ನೇ ಕೇಳಿ. ಗೇಮ್ ನಿಮ್ಮ ಮಾತಿಗಿಂತ 20 ಡೆಸಿಬೆಲ್ ಕೆಳಗಿದ್ದರೆ ನನ್ನ ಮಟ್ಟಿಗೆ ಪಾಸು. ಅದಕ್ಕಿಂತ ಮೇಲಿದ್ದರೆ ಒಂದೇ ಗೇಮ್ ಸದ್ದು ಎರಡು ಟ್ರ್ಯಾಕಿನಲ್ಲಿ ಹಿಂದೆಮುಂದೆ ಬಂದು ಕೊಳವೆಯೊಳಗಿಂದ ಕೇಳಿದ ಹಾಗಾಗುತ್ತದೆ, ಎಡಿಟಿಂಗಿನಲ್ಲಿ ಅದಕ್ಕೆ ಮದ್ದಿಲ್ಲ.

ಇಷ್ಟಾದ ಮೇಲೆ ಮೈಕ್ ತೆಗೆದುಕೊಳ್ಳಲೇಬೇಕು ಅಂತಿದ್ದರೆ ಸ್ಯಾಮ್ಸನ್ ಕ್ಯೂ2ಯು ಥರದ್ದು ನೋಡಿ: ಡೈನಾಮಿಕ್, ಕಾರ್ಡಿಯಾಯ್ಡ್, ಯುಎಸ್‌ಬಿ ಮತ್ತು ಎಕ್ಸ್‌ಎಲ್‌ಆರ್ (ವೇದಿಕೆ ಮೈಕುಗಳ ಮೂರು ಪಿನ್ನಿನ ಕನೆಕ್ಟರ್) ಎರಡೂ ಉಂಟು. ಶೂರ್ ಎಸ್‌ಎಂ58 ಅಥವಾ ಮನೆಯಲ್ಲಿರುವ ಭಜನೆ ಮೈಕಾದರೆ ಅದನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಪೆಟ್ಟಿಗೆ ಬೇಕೇ ಬೇಕು. ಲ್ಯಾಪ್‌ಟಾಪಿನ 3.5 ಮಿಲಿಮೀಟರ್ ಜಾಕಿಗೆ ಕನ್ವರ್ಟರ್ ಹಾಕಿ ಚುಚ್ಚಿದರೆ ಸಿಗುವುದು ಬರೀ ಸುಸ್ ಸದ್ದು.

ಕರಾವಳಿಯಲ್ಲಿ ನಾನು ಡೈನಾಮಿಕ್ಕಿಗೆ ಒಲಿಯುವ ಕಾರಣ ಬೇರೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ. ಕಂಡೆನ್ಸರ್ ಕ್ಯಾಪ್ಸೂಲಿಗೆ, ಅಂದರೆ ಸದ್ದು ಹಿಡಿಯುವ ಒಳಭಾಗಕ್ಕೆ, ತೇವ ಹತ್ತಿದರೆ ಚಟಪಟ ಶುರು. ಇರುವುದು ಕಂಡೆನ್ಸರೇ ಆದರೆ, ಆಟ ಮುಗಿದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ. ಜೆಲ್ ಬಣ್ಣ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ.