ತುಂಬಿದ ಬಾಟಲಿ ಹಾಗೇ ವಾಪಸ್ ಬರುತ್ತಿತ್ತು

ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.

ಸೋನಿಗೆ 9 ವರ್ಷ, ನಾಲ್ಕನೇ ತರಗತಿ. ಮನೆಮಾತು ಲಂಬಾಣಿ. ಮೊದಲು ತಾಂಡಾದ, ಅಂದರೆ ಲಂಬಾಣಿಗರ ಊರಿನ, ಶಾಲೆಯಲ್ಲಿದ್ದಳು. ಅಪ್ಪನಿಗೆ ವಿಜಯಪುರದಲ್ಲಿ ಗೌಂಡಿ ಕೆಲಸ ಸಿಕ್ಕ ಮೇಲೆ ಜೂನ್‌ನಲ್ಲಿ ಇಲ್ಲಿನ ಶಾಲೆಗೆ ಸೇರಿದಳು. ಮಕ್ಕಳ ಮನಸ್ಸಿನ ತೊಂದರೆ ನೋಡುವ ಕೆಲಸ ನನ್ನದು. ಸೆಪ್ಟೆಂಬರ್‌ನಲ್ಲಿ ಶಾಲೆಯಿಂದ ನನಗೆ ಬಂದ ಚೀಟಿಯಲ್ಲಿ ಎರಡೇ ಸಾಲು: "ತರಗತಿಯಲ್ಲಿ ಮಾತೇ ಆಡುವುದಿಲ್ಲ. ಬುದ್ಧಿಮಟ್ಟದ ಪರೀಕ್ಷೆ ಮಾಡಿ."

ಪರೀಕ್ಷೆ ನಾನು ಮಾಡಲಿಲ್ಲ. ಅರ್ಧಂಬರ್ಧ ಗೊತ್ತಿರುವ ಭಾಷೆಯಲ್ಲಿ ಪ್ರಶ್ನೆ ಕೇಳಿ ಅಂಕ ಹಾಕಿದರೆ ಮಗುವಿನ ಬುದ್ಧಿ ಗೊತ್ತಾಗುವುದಿಲ್ಲ. ಮೊದಲು ಕಿವಿ ತೋರಿಸಿಕೊಂಡು ಬರಲು ಹೇಳಿದೆ. ಕಿವಿ ಸರಿಯಿತ್ತು.

"ಮನ್ಯಾಗ ಬಾಯಿ ಮುಚ್ಚೂದಿಲ್ರಿ ಅಕ್ಕಾರ. ಸಾಲಿಗೆ ಹೋದ್ರ ಮೂಕಿ ಆಗ್ತಾಳ" ಅಂದರು ತಾಯಿ. ಹೊರಡುವಾಗ ಇನ್ನೊಂದು ಮಾತು ಹೇಳಿದರು. ಬೆಳಿಗ್ಗೆ ಕೊಟ್ಟು ಕಳಿಸಿದ ನೀರಿನ ಬಾಟಲಿ ಸಂಜೆ ತುಂಬಿದ್ದು ತುಂಬಿದಂತೆ ಮನೆಗೆ ಬರುತ್ತದೆ. ಉರಿಮೂತ್ರ ಅಂತ ಎರಡು ಸಲ ದವಾಖಾನೆಗೂ ಹೋಗಿ ಬಂದಿದ್ದಾರೆ.

ಎರಡನೇ ಭೇಟಿಯಲ್ಲಿ ಸೋನಿಗೆ ಹಾಳೆ, ಬಣ್ಣ ಕೊಟ್ಟು ಸುಮ್ನೆ ಕೂತೆ. ಅವಳು ಒಂದು ಬುಟ್ಟಿ ಬರೆದಳು. ಬುಟ್ಟಿ ತುಂಬ ಹಸಿರು ಗೆರೆಗಳು. ಶ್ರಾವಣದ ತೀಜ್ ಹಬ್ಬಕ್ಕೆ ಲಂಬಾಣಿ ಹುಡುಗಿಯರು ಬುಟ್ಟಿಯಲ್ಲಿ ಗೋಧಿ ಬಿತ್ತಿ, ದಿನಾ ನೀರು ಹಾಕಿ ಮೊಳಕೆ ಬೆಳೆಸುತ್ತಾರೆ. "ಇದಕ್ಕೆ ದಿನಾ ಏನು ಹಾಕ್ತೀ?" ಎಂದು ಕೇಳಿದೆ. ತಾಯಿಯ ಮುಖ ನೋಡಿದಳು. ಆಮೇಲೆ ಕೇಳಿಸಿಯೂ ಕೇಳಿಸದಂತೆ, "ಪಾಣಿ."

ಆ ಮಾತಿನ ಹಿಂದೆಯೇ ಅಳು ಬಂತು. ತಾಯಿಯ ಮೂಲಕ ಉಳಿದದ್ದು ತಿಳಿಯಿತು. ಶಾಲೆಗೆ ಸೇರಿದ ವಾರದಲ್ಲೇ ಬಾಟಲಿ ಖಾಲಿಯಾಗಿ, ಎದ್ದು ನಿಂತು "ಪಾಣಿ" ಅಂದಿದ್ದಳು. ಹುಡುಗರೆಲ್ಲ ನಕ್ಕರು. ಟೀಚರ್ "ಕನ್ನಡದಾಗ ಹೇಳು" ಅಂದರು. ಹೆದರಿಕೆಗೆ ಆ ಪದವೇ ನೆನಪಾಗಲಿಲ್ಲ. ಅಂದಿನಿಂದ ಅವಳ ಅಡ್ಡಹೆಸರು ಪಾಣಿ. ಬಾಟಲಿ ಖಾಲಿಯಾದರೆ ಕೇಳಬೇಕು, ನೀರು ಕುಡಿದರೆ ಹೊರಗೆ ಹೋಗಲು ಕೇಳಬೇಕು. ಅದಕ್ಕೇ ಕುಡಿಯುವುದನ್ನೇ ಬಿಟ್ಟಿದ್ದಳು.

ಹೊಸ ಭಾಷೆಯ ಶಾಲೆಗೆ ಬಂದ ಮಕ್ಕಳು ಕೆಲವು ತಿಂಗಳು ಬರೀ ಕೇಳಿಸಿಕೊಳ್ಳುತ್ತಾ ಇರುವುದು ಮಾಮೂಲು. ಅದು ಕಾಯಿಲೆಯಲ್ಲ. ಸೋನಿಯ ವಿಷಯದಲ್ಲಿ ಅದಕ್ಕೆ ಅವಮಾನ ಸೇರಿಕೊಂಡಿತ್ತು.

ತಾಯಿಗೆ ಮೊದಲು ಹೇಳಿದ್ದು: ಮನೆಯಲ್ಲಿ ನಿಮ್ಮ ಭಾಷೆ ಬಿಡಬೇಡಿ. ಮನೆಯಲ್ಲೂ ಕನ್ನಡವನ್ನೇ ಆಡಿ ಅಂತ ಶಾಲೆಯಲ್ಲಿ ಹೇಳಿದ್ದರಂತೆ. ತಾಯಿಗೆ ಬರುವುದು ಸಂತೆಯ ಕನ್ನಡ ಅಷ್ಟೇ. ಹಾಗಾಗಿ ರಾತ್ರಿ ಹೇಳುತ್ತಿದ್ದ ಕಥೆಯೂ ನಿಂತಿತ್ತು. ಮನೆಮಾತು ಗಟ್ಟಿಯಿದ್ದರೆ ಎರಡನೇ ಭಾಷೆ ಕಲಿಯಲು ಅನುಕೂಲವೇ ಹೊರತು ತೊಂದರೆಯಿಲ್ಲ.

ಟೀಚರ್ ಒಳ್ಳೆಯವರು. ಒಂದು ತಿಂಗಳು ಅವಳನ್ನು ಎಬ್ಬಿಸಿ ಉತ್ತರ ಕೇಳಬೇಡಿ, ತಲೆಯಾಡಿಸಿದರೂ ಚಿತ್ರ ಬರೆದರೂ ಉತ್ತರ ಅಂತಲೇ ತಿಳಿಯಿರಿ ಅಂದೆ. ಅವಳು "ಪಾಣಿ" ಅಂದರೆ "ಹೌದು, ಪಾಣಿ, ನೀರು" ಅಂತ ಎರಡನ್ನೂ ಹೇಳಿ ನೀರು ಕೊಡಿ. ನೀರಿಗೆ, ಶೌಚಾಲಯಕ್ಕೆ ಯಾವ ಮಗುವೂ ಬಾಯಿಬಿಟ್ಟು ಕೇಳಬೇಕಾಗಿಲ್ಲ, ಕೈಸನ್ನೆ ಸಾಕು ಅಂತ ಇಡೀ ತರಗತಿಗೆ ಹೇಳಿಬಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಕೂಡ ಓದಿ ತೋರಿಸಿದೆ. ಆದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಕಲಿಸಬೇಕು, ಮಗುವಿಗೆ ಭಯ ಇರಬಾರದು ಎಂದು ಅದರಲ್ಲೇ ಇದೆ.

ಇನ್ನೊಂದು ಕೆಲಸ ಹೇಳಿದೆ. ನಕ್ಕವರನ್ನು ಬೈಯಬೇಡಿ, ಮನೆಯಲ್ಲಿ ನೀರಿಗೆ ಏನಂತೀರಿ ಅಂತ ಎಲ್ಲರನ್ನೂ ಕೇಳಿ. ಉರ್ದು ಮನೆಯ ಮಕ್ಕಳು "ಪಾನಿ" ಅಂದರು. ಮರಾಠಿ ಮನೆಯ ಇಬ್ಬರು "ಪಾಣಿ" ಅಂದರು. ಜೂನ್‌ನಲ್ಲಿ ನಕ್ಕವರಲ್ಲಿ ಇವರೂ ಇದ್ದರು. ಅಂದು ಯಾರೂ ನಗಲಿಲ್ಲವಂತೆ.

ನನಗೆ ಜಾಸ್ತಿ ನೋವಾದದ್ದು ಬೇರೆ ವಿಷಯಕ್ಕೆ. ಗ್ಯಾದರಿಂಗ್‌ನ (ಶಾಲಾ ವಾರ್ಷಿಕೋತ್ಸವದ) ಲಂಬಾಣಿ ಕುಣಿತಕ್ಕೆ ಫೇಟಿಯಾ, ಕಾಂಚಳಿ (ಲಂಬಾಣಿ ಲಂಗ, ರವಿಕೆ) ಕೊಡಿ ಅಂತ ಅದೇ ಶಾಲೆ ಸೋನಿಯ ತಾಯಿಯನ್ನು ಕೇಳಿತ್ತು. ಆ ಜನರ ಬಟ್ಟೆ ಬೇಕು, ಮಾತು ಬೇಡ ಅಂದರೆ ಮಗುವಿಗೆ ಹೇಗನ್ನಿಸಬೇಕು? ಕುಣಿತಕ್ಕೆ ಸೇರಿಸುವ ಮೊದಲು ಅವಳನ್ನೇ ಕೇಳಿ ಅಂತ ಹೇಳಿ ಬಂದೆ.

ನವೆಂಬರ್‌ನಲ್ಲಿ ಟೀಚರ್ ಫೋನ್ ಮಾಡಿದರು. ಬಾಟಲಿ ಈಗ ಖಾಲಿಯಾಗುತ್ತಿದೆ. ಆದರೆ ಆಟದ ಬಯಲಲ್ಲಿ ದೊಡ್ಡ ಹುಡುಗರು ಇನ್ನೂ ಅಡ್ಡಹೆಸರು ಕೂಗುತ್ತಾರೆ. ಅದನ್ನು ಮುಖ್ಯ ಶಿಕ್ಷಕರೇ ನೋಡಬೇಕು ಅಂದೆ. "ಕುಣೀತೀಯೇನು ಅಂತ ಕೇಳಿದ್ರ, ಎಲ್ಲಾರ ಮುಂದ 'ನಾ ಒಲ್ಲೆರಿ' ಅಂದ್ಲು ಮೇಡಂ" ಅಂತ ಟೀಚರ್ ಬೇಜಾರು ಮಾಡಿಕೊಂಡರು. ಆ ತರಗತಿಯಲ್ಲಿ ಸೋನಿ ಗಟ್ಟಿಯಾಗಿ ಆಡಿದ ಮೊದಲ ಕನ್ನಡ ಮಾತು ಅದು. ನನಗಂತೂ ಕಣ್ಣು ತುಂಬಿ ಬಂತು. ಬಲವಂತ ಮಾಡಬೇಡಿ, ಬೇರೆ ಏನು ಮಾಡಬೇಕು ಅನ್ನಿಸುತ್ತದೆ ಅಂತ ಕೇಳಿ ನೋಡಿ ಅಂದೆ.